ವೈಟ್‌ಫೀಲ್ಡಿನ ಹಳೆಯ ಮನೆಗಳೂ ಅವುಗಳ ಬಣ್ಣವೂ

1882ರಲ್ಲಿ ಮೈಸೂರಿನ ಮಹಾರಾಜರಾದ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರನ್ನೇ ಈ ಊರು ಹೊತ್ತುಕೊಂಡ ಸಂಗತಿ ವಾಚಕರಿಗೆಲ್ಲ ತಿಳಿದದ್ದೇ. ಆ ವಸಾಹತುಗಾರರು ಕಟ್ಟಿಕೊಂಡ ಹೆಂಚಿನ ಮನೆಗಳಲ್ಲಿ ಈಗ ಉಳಿದಿರುವುವು ಕೆಲವೇ. ಅಂಥ ಮನೆಯನ್ನು ಪಡೆದವರು ಬಾಗಿಲು ಕಿಟಕಿಗಳ ಹಳೆಯ ಬಣ್ಣವನ್ನು ಕಿತ್ತು ಮರದ ಮೂಲಸ್ವರೂಪವನ್ನು ಕಾಣಬಯಸುತ್ತಾರೆ. ಬಯಕೆಯೇನೋ ಯೋಗ್ಯವಾದುದೇ, ಆದರೆ ಆ ಬಣ್ಣದ ಚರಿತ್ರೆಯನ್ನರಿಯದೆ ಕೈಹಚ್ಚುವುದು ಅಪಾಯಕರ.

ಅಂದಿನ ಒಳ್ಳೆಯ ಎಣ್ಣೆಬಣ್ಣವೆಂದರೆ ಸೀಸದಿಂದ ತಯಾರಿಸಿದ ಬಿಳಿಯ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದದ್ದು. ಅದರ ಕೇಡನ್ನು ಜಗತ್ತು ಅರಿತದ್ದು ನಿಧಾನವಾಗಿ. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ವೈದ್ಯರಾದ ಲಾಕ್‌ಹಾರ್ಟ್ ಗಿಬ್ಸನ್ ಅವರು, ಮಕ್ಕಳನ್ನು ಕಾಡುತ್ತಿದ್ದ ಸೀಸವಿಷಕ್ಕೆ ವರಾಂಡದ ಕಟಕಟೆಯ ಬಣ್ಣವೇ ಕಾರಣವೆಂದು 1904ರಲ್ಲಿ ಪ್ರಕಟಿಸಿದರು. ಬಿಸಿಲಿಗೆ ಪುಡಿಯಾದ ಬಣ್ಣ ಬೆರಳಿಗಂಟಿ, ಬೆರಳಿನಿಂದ ಬಾಯಿಗೆ ಸೇರುತ್ತಿತ್ತು. ನಮ್ಮ ಹಳೆಯ ಮನೆಗಳೂ ವರಾಂಡದ ಮನೆಗಳೇ ಅಲ್ಲವೇ? 1921ರಲ್ಲಿ ಜಿನೀವಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಕಟ್ಟಡಗಳ ಒಳಭಾಗಕ್ಕೆ ಈ ಬಣ್ಣ ಬಳಿಯುವುದನ್ನು ನಿಷೇಧಿಸುವ ಒಡಂಬಡಿಕೆಯನ್ನು ಅಂಗೀಕರಿಸಿತು. ನಮ್ಮ ದೇಶದಲ್ಲಿಯಾದರೋ, ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂಬ ಕಡ್ಡಾಯ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ! ಅದಕ್ಕೆ ಮುಂಚಿನ ಯಾವ ಪದರವನ್ನೂ ಪರೀಕ್ಷೆಯಿಲ್ಲದೆ ನಿರಪಾಯವೆಂದು ನಂಬಲಾಗದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸವಿಷದ ವಿರುದ್ಧ ನಡೆಸಿದ ದುಡಿಮೆಯನ್ನು ಇಲ್ಲಿ ಸ್ಮರಿಸುವುದು ಉಚಿತ.

ಎಲ್ಲ ಲೇಪವೂ ಬಣ್ಣವಲ್ಲ. ತೇಗದ ಒಳಬಾಗಿಲು, ಬೀರುಗಳಿಗೆ ಅರಗಿನ ಪಾಲಿಶ್ ಕೊಡುತ್ತಿದ್ದುದುಂಟು. ಮರೆಯಾದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಉಜ್ಜಿದರೆ ಅರಗು ಕರಗಿ ಬಟ್ಟೆಗೆ ಬರುತ್ತದೆ. ಹಳೆಯ ಎಣ್ಣೆಬಣ್ಣ ಕದಲದು. ಕದಲದಿದ್ದಾಗಲೇ ಜನರು ಬ್ಲೋ ಲ್ಯಾಂಪ್ ತರುತ್ತಾರೆ. ಅತಿಯಾದ ಉರಿಗೆ ಸೀಸವು ಹೊಗೆಯಾಗಿ ಉಸಿರಿಗೆ ಸೇರುತ್ತದೆ. ಒಣಗಿದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿದರೆ ಧೂಳಾಗಿ ಮನೆಯೆಲ್ಲ ಹರಡುತ್ತದೆ. ಕಾಸ್ಟಿಕ್ ಸೋಡಾ ತೇಗವನ್ನು ಕಪ್ಪಾಗಿಸಿ, ಅಂಟು ಹಾಕಿದ ಕೀಲುಗಳನ್ನು ಸಡಿಲಿಸುತ್ತದೆ. ಸುಂದರವಾದ ಬಾಗಿಲುಗಳನ್ನು ಹೀಗೆ ಕೆಡಿಸಿಕೊಂಡವರಿದ್ದಾರೆ.

ಬಣ್ಣ ಗಟ್ಟಿಯಾಗಿದ್ದರೆ ಅದನ್ನು ಕೀಳದೆ, ಮೇಲೆ ಸೀಸರಹಿತ ಬಣ್ಣ ಬಳಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ಎದ್ದು ಉದುರುತ್ತಿದ್ದರೆ, ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆಸಬೇಕು. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಚಕ್ಕೆಗಳನ್ನು ಅದರಲ್ಲಿಯೇ ಸುತ್ತಿ ಕಟ್ಟಿಡಬೇಕು. ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮಕ್ಕಳೂ ಗರ್ಭಿಣಿಯರೂ ಆ ದಿನಗಳಲ್ಲಿ ಬೇರೆಡೆ ಇರಲಿ.

ಮನೆಯವರು ಇಷ್ಟೆಲ್ಲ ಎಚ್ಚರ ವಹಿಸಿಯೂ ಕೂಲಿಗೆ ಬಂದ ಬಣ್ಣದವನನ್ನು ಮರೆಯುವುದುಂಟು. ನಮ್ಮ ಧರ್ಮಕೇಂದ್ರದಲ್ಲಿಯೇ ಆ ಕಸುಬಿನಿಂದ ಜೀವಿಸುವ ಕುಟುಂಬಗಳಿವೆ. ಅವನಿಗೆ ತಕ್ಕ ಮುಖಗವಸು ಬೇಕು. ಊಟಕ್ಕೆ ಮೊದಲು ಕೈಬಾಯಿ ತೊಳೆಯಲು ಸೋಪು, ನೀರು ಬೇಕು. ಸಂಜೆ ಬಟ್ಟೆ ಬದಲಿಸಲು ಒಂದು ಮರೆ ಬೇಕು. ಇಲ್ಲವಾದರೆ ನಮ್ಮ ಬಾಗಿಲಿನಿಂದ ಕೆರೆದ ಸೀಸವು ಅವನ ಅಂಗಿಗಂಟಿ ಅವನ ಮಕ್ಕಳ ಚಾಪೆಯನ್ನು ಸೇರುತ್ತದೆ.