ಅಂಬತ್ತೂರಿನ ಲೇತುಗಳೂ ಇಟಲಿಯ ಸ್ಕೂಟರೂ

ಭಾರತದ ರಸ್ತೆಗಳಿಗೆ ಇಟಲಿಯ ದ್ವಿಚಕ್ರ ವಾಹನ ಬಂದದ್ದು ಮೋಟರ್‌ಸೈಕಲ್ಲಿನ ರೂಪದಲ್ಲಿ ಅಲ್ಲ, ಸ್ಕೂಟರಿನ ರೂಪದಲ್ಲಿ. ಸ್ವಾತಂತ್ರ್ಯಾನಂತರದ ಆಮದು ನಿರ್ಬಂಧಗಳಿಂದಾಗಿ ಡುಕಾಟಿ, ಮೋಟೊ ಗುಜ್ಜಿ, ಗಿಲೆರಾ ಮೋಟರ್‌ಸೈಕಲ್ಲುಗಳು ಇಲ್ಲಿ ಬಹುಕಾಲ ಪತ್ರಿಕೆಗಳ ಚಿತ್ರಗಳಾಗಿಯೇ ಉಳಿದವು. ಪರವಾನಗಿ ಪಡೆದು ಇಲ್ಲೇ ತಯಾರಾದ ಲ್ಯಾಂಬ್ರೆಟಾ ಮತ್ತು ವೆಸ್ಪಾ ಮಾತ್ರ ಮನೆಮನೆಯ ಗಾಡಿಗಳಾದವು. ತವರಿನಲ್ಲಿ ಉತ್ಪಾದನೆ ನಿಂತ ಮೇಲೂ ಲ್ಯಾಂಬ್ರೆಟಾ ಇಲ್ಲಿ ಅರ್ಧ ಶತಮಾನ ಓಡಿತು. ಅದಕ್ಕೆ ಇಟಲಿಯ ಕೌಶಲಕ್ಕಿಂತ ಈ ನೆಲದ ಕಾರ್ಖಾನೆ, ಲೇತು, ಗುಜರಿ ಅಂಗಡಿಗಳೇ ಹೆಚ್ಚು ಕಾರಣ. ಅವೆಲ್ಲ ಒಂದೇ ಸೀಮೆಯಲ್ಲಿ ಒತ್ತಾಗಿ ಸೇರಿದ್ದ ಜಾಗಗಳಲ್ಲಿ ಚೆನ್ನೈಯ ಅಂಬತ್ತೂರು ಒಂದು.

ಬೆಂಗಳೂರಿನಿಂದ ಹೊರಟ ರೈಲು ಚೆನ್ನೈ ಸೆಂಟ್ರಲ್ ಮುಟ್ಟುವ ಮೊದಲು ಆವಡಿ, ಅಂಬತ್ತೂರು, ವಿಲ್ಲಿವಾಕ್ಕಂ, ಪೆರಂಬೂರುಗಳನ್ನು ದಾಟುತ್ತದೆ. ಪ್ರಯಾಣಿಕರು ಚೀಲ ಇಳಿಸಿಕೊಳ್ಳಲು ಏಳುವ ಹೊತ್ತಿಗೆ ಕಿಟಕಿಯಾಚೆ ಸರಿದುಹೋಗುವ ಈ ಪಟ್ಟಿ ದಕ್ಷಿಣ ಭಾರತದ ವಾಹನ ಉದ್ಯಮದ ಹಳೆಯ ನೆಲೆ. ಕೆರೆ, ಗದ್ದೆಗಳ ಊರಾಗಿದ್ದ ಅಂಬತ್ತೂರಿಗೆ ದೊಡ್ಡ ಕೈಗಾರಿಕೆ ಬಂದದ್ದು 1949ರಲ್ಲಿ. ಮುರುಗಪ್ಪ ಮನೆತನ ಬರ್ಮಿಂಗ್‌ಹ್ಯಾಮಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಟಿಐ ಸೈಕಲ್ಸ್ ಕಾರ್ಖಾನೆಯನ್ನು ಇಲ್ಲಿ ಕಟ್ಟಿತು. ಹರ್ಕ್ಯುಲಿಸ್, ಬಿಎಸ್‌ಎ ಸೈಕಲ್ಲುಗಳು ಕರ್ನಾಟಕದ ಹಳ್ಳಿಗಳಿಗೂ ಬಂದದ್ದು ಇಲ್ಲಿಂದಲೇ. ಆಮೇಲೆ ಡನ್‌ಲಪ್ ಟೈರ್ ಕಾರ್ಖಾನೆ ಬಂತು. ಪಕ್ಕದ ಪಾಡಿಯಲ್ಲಿ ಟಿವಿಎಸ್ ಬಳಗದವರು 1960ರ ದಶಕದ ಮೊದಲ ವರ್ಷಗಳಲ್ಲಿ ಲೂಕಾಸ್-ಟಿವಿಎಸ್, ವೀಲ್ಸ್ ಇಂಡಿಯಾ, ಬ್ರೇಕ್ಸ್ ಇಂಡಿಯಾ, ಸುಂದರಂ ಕ್ಲೇಟನ್ ಕಂಪನಿಗಳನ್ನು ಒಂದರ ಹಿಂದೊಂದು ತೆರೆದರು. ಇನ್ನಷ್ಟು ಪೂರ್ವಕ್ಕೆ, ಸೆಂಬಿಯಂನಲ್ಲಿ, ಸಿಂಪ್ಸನ್ ಬಳಗದ ಇಂಡಿಯಾ ಪಿಸ್ಟನ್ಸ್ ಇತ್ತು. ಸಮುದ್ರದ ಬದಿಯ ತಿರುವೊಟ್ಟಿಯೂರಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಬುಲೆಟ್ ತಯಾರಿಸುತ್ತಿತ್ತು. ಅದೇ ಕಂಪನಿ 1960ರ ದಶಕದಲ್ಲಿ ‘ಫ್ಯಾಂಟಾಬ್ಯುಲಸ್’ ಎಂಬ ಸ್ಕೂಟರನ್ನೂ ಮಾರಿತು. ವಿಲಿಯರ್ಸ್ ಎಂಜಿನ್ನಿನ, ಪೂರ್ತಿ ಇಂಗ್ಲಿಷ್ ಬುದ್ಧಿಯ ಆ ಭಾರೀ ಗಾಡಿ ಲ್ಯಾಂಬ್ರೆಟಾದ ಮುಂದೆ ನಿಲ್ಲಲಿಲ್ಲ.

ಮದ್ರಾಸ್ ಸರ್ಕಾರ 1964ರಲ್ಲಿ ಅಂಬತ್ತೂರು ಕೈಗಾರಿಕಾ ವಸಾಹತನ್ನು ಸ್ಥಾಪಿಸಿತು. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ತುಣುಕುಗಳನ್ನು ಸುತ್ತಲಿನ ಸಣ್ಣ ಘಟಕಗಳು ಒದಗಿಸಬೇಕೆಂಬುದು ಲೆಕ್ಕಾಚಾರ. ಮುಂದೆ ಸಣ್ಣ ಕೈಗಾರಿಕೆಗಳ ಸರ್ಕಾರಿ ನಿಗಮವಾದ ಸಿಡ್ಕೋದ ಆಡಳಿತಕ್ಕೆ ಬಂದ ಈ ವಸಾಹತು ದೇಶದ ಅತಿ ದೊಡ್ಡ ಸಣ್ಣ ಕೈಗಾರಿಕಾ ವಸಾಹತುಗಳಲ್ಲಿ ಒಂದಾಯಿತು. ಲೇತು, ಮಿಲ್ಲಿಂಗ್, ಗ್ರೈಂಡಿಂಗ್, ಗಿಯರ್ ಕಡಿತ, ಎರಕ, ಹೀಟ್ ಟ್ರೀಟ್‌ಮೆಂಟ್, ಕ್ರೋಮ್ ಲೇಪ, ರಬ್ಬರ್ ಅಚ್ಚು, ಸ್ಪ್ರಿಂಗ್ ಸುತ್ತುವುದು: ಎಂಜಿನ್ನಿನ ಒಂದು ಭಾಗ ಹುಟ್ಟುವುದಕ್ಕೆ ಬೇಕಾದ ಕೆಲಸವೆಲ್ಲ ಸೈಕಲ್ ತುಳಿದು ಹೋಗುವಷ್ಟು ದೂರದಲ್ಲಿ ದೊರೆಯುವಂತಾಯಿತು. ಹಳೆಯ ಗಾಡಿ ಇಟ್ಟುಕೊಂಡವನಿಗೆ ಈ ಅನುಕೂಲದ ಬೆಲೆ ಗೊತ್ತು. ಅವನಿಗೆ ಬೇಕಾಗುವುದು ಸಾವಿರ ತುಣುಕುಗಳಲ್ಲ, ಒಂದೇ ಒಂದು ಬುಷ್. ಅದನ್ನು ದೊಡ್ಡ ಕಾರ್ಖಾನೆ ಮಾಡಿಕೊಡುವುದಿಲ್ಲ, ಸಣ್ಣ ಲೇತಿನ ಮೇಸ್ತ್ರಿ ಮಧ್ಯಾಹ್ನದೊಳಗೆ ತಿರುಗಿಸಿ ಕೊಡುತ್ತಾನೆ.

ಲ್ಯಾಂಬ್ರೆಟಾದ ಮೂಲ ಮಿಲಾನ್ ನಗರದ ಲ್ಯಾಂಬ್ರಾಟೆ ಬಡಾವಣೆ. ಉಕ್ಕಿನ ಕೊಳವೆಗಳ ವ್ಯಾಪಾರದಿಂದ ಬೆಳೆದ ಫರ್ಡಿನಾಂಡೊ ಇನ್ನೊಚೆಂಟಿ ಯುದ್ಧದಲ್ಲಿ ಹಾಳಾದ ತನ್ನ ಕಾರ್ಖಾನೆಯಲ್ಲಿ 1947ರಲ್ಲಿ ಲ್ಯಾಂಬ್ರೆಟಾ ಹೊರತಂದ. ಅದಕ್ಕೆ ಒಂದು ವರ್ಷ ಮೊದಲು ಪಿಯಾಜಿಯೊ ಕಂಪನಿ ವೆಸ್ಪಾ ಬಿಟ್ಟಿತ್ತು. ಇವೆರಡರ ವ್ಯತ್ಯಾಸ ರಿಪೇರಿ ಮಾಡುವವನಿಗೆ ಮುಖ್ಯ. ವೆಸ್ಪಾದ ಮೈಯೇ ಅದರ ಚೌಕಟ್ಟು. ತಗಡು ಒತ್ತಿ ಬೆಸೆದ ಆ ಮೈಯಲ್ಲಿ ತುಕ್ಕು ಕಾಲಿಡುವ ನೆಲಕ್ಕೆ ತಗುಲಿದರೆ ಗಾಡಿಯ ಬೆನ್ನೆಲುಬಿಗೇ ತಗುಲಿದ ಹಾಗೆ. ಲ್ಯಾಂಬ್ರೆಟಾದಲ್ಲಿ ಕೊಳವೆಯ ಚೌಕಟ್ಟು ಬೇರೆ, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ತಗಡು ಬೇರೆ. ಎಂಜಿನ್ ವೆಸ್ಪಾದಂತೆ ಬಲಕ್ಕೆ ವಾಲದೆ ನಡುವೆ ಕೂರುತ್ತದೆ. ಕೊಳವೆ ವ್ಯಾಪಾರಿಯ ಕೈಗುಣ ಇಲ್ಲಿ ಎದ್ದು ಕಾಣುತ್ತದೆ.

ಭಾರತದಲ್ಲಿ ಇದನ್ನು ಜೋಡಿಸತೊಡಗಿದ್ದು ಮುಂಬೈಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ, ಅಂದರೆ ಎಪಿಐ. ಬ್ರಿಟನ್ನಿನ ರೂಟ್ಸ್ ಬಳಗದವರು 1949ರಲ್ಲಿ ಹುಟ್ಟುಹಾಕಿದ್ದ ಈ ಕಂಪನಿ 1950ರ ದಶಕದಲ್ಲಿ ಎಲ್‌ಡಿ ಮಾದರಿಯನ್ನೂ ಮುಂದೆ ಎಲ್‌ಐ 150 ಮಾದರಿಯನ್ನೂ ತಯಾರಿಸಿತು. ಎಲ್‌ಡಿಯಲ್ಲಿ ಹಿಂದಿನ ಚಕ್ರಕ್ಕೆ ಶಕ್ತಿ ಮುಟ್ಟಿಸಲು ಶಾಫ್ಟ್ ಇತ್ತು. 1958ರಲ್ಲಿ ಇಟಲಿಯಲ್ಲಿ ಬಂದ ಎಲ್‌ಐಯಲ್ಲಿ ಅದರ ಬದಲು ಎಣ್ಣೆಯಲ್ಲಿ ಮುಳುಗಿ ಓಡುವ ಚೈನು, ನಾಲ್ಕು ಗಿಯರು, ಹತ್ತಿಂಚಿನ ಚಕ್ರ ಇದ್ದವು. ಇಟಲಿಯವರು 1961ರ ಕೊನೆಗೆ ಮೈಕಟ್ಟನ್ನು ತೆಳ್ಳಗೆ ಮಾಡಿದರೂ ಎಪಿಐ ಹಳೆಯ ದಪ್ಪ ಮೈಯನ್ನೇ ದಶಕಗಳ ಕಾಲ ಎಳೆಯಿತು. ಪೈಪೋಟಿ ಇಲ್ಲದ ಮಾರುಕಟ್ಟೆಯ ಸೋಮಾರಿತನ ಇದು ಎನ್ನಬಹುದು. ಆದರೆ ಇಂದು ಹಳೆಯ ಗಾಡಿ ಓಡಿಸುವವರಿಗೆ ಆ ಸೋಮಾರಿತನವೇ ವರವಾಗಿದೆ, ಏಕೆಂದರೆ ಒಂದು ವರ್ಷದ ಬಿಡಿಭಾಗ ಇನ್ನೊಂದು ವರ್ಷದ ಗಾಡಿಗೆ ಹೊಂದುತ್ತದೆ.

ಆಗ ಸ್ಕೂಟರ್ ಕೊಳ್ಳುವುದು ಹಣದ ಪ್ರಶ್ನೆಯಷ್ಟೇ ಆಗಿರಲಿಲ್ಲ. ಹಂಚಿಕೆ, ಮಾರಾಟಗಳು ಸರ್ಕಾರದ ನಿಯಂತ್ರಣದಲ್ಲಿದ್ದವು. ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಿತ್ತು. ಸರದಿ ಬಂದವನು ಅದೇ ದಿನ ಹೆಚ್ಚಿನ ಬೆಲೆಗೆ ಮಾರಿದರೂ ಕೊಳ್ಳುವವರಿದ್ದರು. ಇಷ್ಟು ಕಷ್ಟಪಟ್ಟು ತಂದದ್ದನ್ನು ಯಾರೂ ಬೇಗ ಬಿಸಾಡುತ್ತಿರಲಿಲ್ಲ. ಬೋರ್ ಮಾಡಿಸಿ, ಪಿಸ್ಟನ್ ಬದಲಿಸಿ, ಮತ್ತೆ ಬಣ್ಣ ಹೊಡೆಸಿ ಮಗನ ಕೈಗೆ ಕೊಡುವ ರೂಢಿ ಹುಟ್ಟಿದ್ದು ಹೀಗೆ. ಹವ್ಯಾಸ ಎಂಬ ಹೆಸರು ಅದಕ್ಕೆ ಬಂದದ್ದು ಬಹಳ ತಡವಾಗಿ.

ಇನ್ನೊಚೆಂಟಿ 1971ರಲ್ಲಿ ಲ್ಯಾಂಬ್ರೆಟಾ ನಿಲ್ಲಿಸಿತು. ಭಾರತ ಸರ್ಕಾರ ಅದರ ಯಂತ್ರಗಳನ್ನೂ ಹೆಸರಿನ ಹಕ್ಕನ್ನೂ ಕೊಂಡು ಲಖನೌದಲ್ಲಿ ಸ್ಕೂಟರ್ಸ್ ಇಂಡಿಯಾ ಕಂಪನಿಯನ್ನು 1972ರಲ್ಲಿ ಸ್ಥಾಪಿಸಿತು. ದೇಶದೊಳಗೆ ‘ವಿಜಯ್ ಸೂಪರ್’ ಎಂದೂ ಹೊರದೇಶಕ್ಕೆ ಲ್ಯಾಂಬ್ರೆಟಾ ಎಂದೂ ಅದು ಗಾಡಿ ಮಾರಿತು. ಅದರ ಭಾಗಗಳಿಂದ ಕೆಲವು ರಾಜ್ಯಗಳು ತಮ್ಮದೇ ಸ್ಕೂಟರ್ ಹೊರತಂದವು. ಆಂಧ್ರದ ಆಲ್ವಿನ್ ‘ಪುಷ್ಪಕ್’ ಅಂಥದ್ದು, ಕರ್ನಾಟಕದ ‘ಫಾಲ್ಕನ್’ ಕೂಡ ಅದೇ ಬಳ್ಳಿಯದು. ಹೆಸರು ಕೈತಪ್ಪಿದ ಎಪಿಐ ತನ್ನ ಗಾಡಿಗೆ ‘ಲ್ಯಾಂಬಿ’ ಎಂದು ಹೆಸರಿಟ್ಟಿತು. ಅಷ್ಟರಲ್ಲಿ ಆ ಕಂಪನಿ ಚೆನ್ನೈಯ ಎಂ.ಎ. ಚಿದಂಬರಂ ಅವರ ಬಳಗಕ್ಕೆ ಸೇರಿತ್ತು. ಚೆಪಾಕ್ ಕ್ರಿಕೆಟ್ ಮೈದಾನಕ್ಕೆ ಹೆಸರು ಕೊಟ್ಟ ಉದ್ಯಮಿ ಇವರೇ. 175 ಸಿಸಿಯ ‘ಎಂಎಸಿ 175’ ಸ್ಕೂಟರಿನ ಮೇಲಿದ್ದದ್ದು ಅವರ ಬಳಗದ ಹೆಸರಿನ ಮೂರಕ್ಷರ. ಇತ್ತ ಪರವಾನಗಿ ಪಡೆದು ವೆಸ್ಪಾ ತಯಾರಿಸುತ್ತಿದ್ದ ಪುಣೆಯ ಬಜಾಜ್ 1971ರಲ್ಲಿ ಪಿಯಾಜಿಯೊ ಒಪ್ಪಂದ ಮುಗಿದ ಮೇಲೆ ವೆಸ್ಪಾದ ವಿನ್ಯಾಸವನ್ನೇ ಚೇತಕ್ ಎಂದು ಕರೆದು ಮಾರುಕಟ್ಟೆ ಗೆದ್ದಿತು. ಲ್ಯಾಂಬ್ರೆಟಾವನ್ನು ಮೂಲೆಗೆ ತಳ್ಳಿದ ಚೇತಕ್‌ನಿಂದ ಅದಕ್ಕೊಂದು ಉಪಕಾರವೂ ಆಯಿತು. ಎರಡರ ಟೈರಿನ ಅಳತೆಯೂ 3.50-10. ಚೇತಕ್‌ಗಾಗಿ ತಯಾರಾದ ಟೈರು, ಟ್ಯೂಬುಗಳು ಎಲ್‌ಐಗೂ ದಕ್ಕಿದವು.

ಎಲ್‌ಐ 150ರ ಎಂಜಿನ್ 148 ಸಿಸಿಯ ಎರಡು ಸ್ಟ್ರೋಕಿನದು. ಪೆಟ್ರೋಲಿಗೆ ಬೆರೆಸುವ 2ಟಿ ಎಣ್ಣೆಯೇ ಅದರ ಪಿಸ್ಟನ್ನಿಗೂ ಬೇರಿಂಗಿಗೂ ಜೀವ. ಸೇಕಡಾ 4ರಷ್ಟು ಬೆರೆಸುವುದು ವಾಡಿಕೆ. ಹೆಚ್ಚಾದರೆ ಪ್ಲಗ್ ಮಸಿ ಹಿಡಿದು ಗಾಡಿ ಕೆಮ್ಮುತ್ತದೆ, ಕಡಿಮೆಯಾದರೆ ಪಿಸ್ಟನ್ ಸೀಜ್ ಆಗುತ್ತದೆ. ಬೆಂಗಳೂರಿನ ಆಡುಗೋಡಿಯಿಂದ ಬಂದ ಮೈಕೋ ಪ್ಲಗ್ಗನ್ನು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ತಿರುಗಿಸಿ ಹಾಕುವುದು ಒಂದು ಕಾಲಕ್ಕೆ ಸ್ಕೂಟರ್ ಇದ್ದವರೆಲ್ಲರಿಗೂ ಬರುತ್ತಿದ್ದ ವಿದ್ಯೆ. ಕಂಟ್ಯಾಕ್ಟ್ ಪಾಯಿಂಟಿನ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ಗಿಯರ್ ಪೆಟ್ಟಿಗೆಗೆ 700 ಮಿಲಿಲೀಟರ್ 90 ನಂಬರ್ ಎಣ್ಣೆ ಸಾಕು. ಕಾರ್ಕ್ ಅಂಟಿಸಿದ ಕ್ಲಚ್ ಪ್ಲೇಟುಗಳೂ ಅದೇ ಎಣ್ಣೆಯಲ್ಲಿ ಕೆಲಸ ಮಾಡುವುದರಿಂದ ಅದು ಹಳಸಿದರೆ ಕ್ಲಚ್ ಜಾರುತ್ತದೆ.

ಮೆಕ್ಯಾನಿಕ್‌ಗಳನ್ನು ಸತಾಯಿಸುವುದು ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳು. ಮ್ಯಾಗ್ನೆಟ್ ಬದಿಯದು ಗಟ್ಟಿಯಾಗಿ ಸೀಳಿದರೆ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ತಾನಾಗಿ ಏರಿ ಕಾದು ಹಿಡಿದುಕೊಳ್ಳುತ್ತದೆ. ಚೈನಿನ ಬದಿಯದು ಸೋರಿದರೆ ಗಿಯರ್ ಎಣ್ಣೆ ಸಿಲಿಂಡರಿಗೆ ಹೋಗಿ ಹಿಂದೆ ಬಿಳಿಹೊಗೆ ಏಳುತ್ತದೆ. ಕಾರ್ಬ್ಯುರೇಟರ್ ಎಷ್ಟು ತಿರುವಿದರೂ ಈ ರೋಗ ವಾಸಿಯಾಗದು. ತಂಪಿನ ವ್ಯವಸ್ಥೆಯೂ ಸೂಕ್ಷ್ಮ. ಸಿಲಿಂಡರ್ ತಗಡಿನ ಮುಸುಕಿನೊಳಗಿರುತ್ತದೆ, ಫ್ಲೈವೀಲಿನ ರೆಕ್ಕೆಗಳು ಅದರ ಮೇಲೆ ಗಾಳಿ ಊದುತ್ತವೆ. ರಿಪೇರಿಯ ನಂತರ ‘ಇದ್ಯಾಕೆ’ ಎಂದು ಆ ಮುಸುಕನ್ನು ಬಿಟ್ಟುಬಿಡುವ ಮೆಕ್ಯಾನಿಕ್ ಎಂಜಿನ್ನನ್ನು ಕೊಂದಂತೆಯೇ.

ಬಿಡಿಭಾಗಕ್ಕೆ ಚೆನ್ನೈಯವರು ಹೋಗುವುದು ಜನರಲ್ ಪ್ಯಾಟರ್ಸ್ ರಸ್ತೆಗೆ ಮತ್ತು ಪುದುಪೇಟೆಗೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿ ಹೇಗೋ ಅವರಿಗೆ ಇವು ಹಾಗೆ. ಹೊಸ ಡಬ್ಬಿಯಲ್ಲಿ ಬಂದ ನಕಲಿ ಭಾಗಕ್ಕಿಂತ ಗುಜರಿಯ ಹಳೆಯ ಅಸಲಿ ಭಾಗ ಎಷ್ಟೋ ವಾಸಿ. ನಕಲಿ ಗಿಯರಿನ ಉಕ್ಕು ಮೆತ್ತಗಿರುತ್ತದೆ, ನಕಲಿ ಕೇಬಲಿನ ತುದಿ ಕಳಚುತ್ತದೆ. ಹಾಗೆಯೇ ಫಳಫಳ ಹೊಳೆಯುವಂತೆ ಸಿದ್ಧಗೊಂಡ ಹಳೆಯ ಗಾಡಿಯನ್ನು ಕಂಡಕೂಡಲೇ ಹಣ ಎಣಿಸುವುದು ಜಾಣತನವಲ್ಲ. 1990ರ ದಶಕದಿಂದೀಚೆಗೆ ಭಾರತದ ಲ್ಯಾಂಬ್ರೆಟಾ, ವೆಸ್ಪಾಗಳು ಬಣ್ಣ ಬಳಿದುಕೊಂಡು ಬ್ರಿಟನ್, ಯುರೋಪಿಗೆ ಹೋದವು. ಪುಟ್ಟಿಯ ಕೆಳಗೆ ತುಕ್ಕು ಬಚ್ಚಿಟ್ಟುಕೊಂಡವುಗಳಿಂದಾಗಿ ಅಲ್ಲಿ ಒಳ್ಳೆಯ ಗಾಡಿಗಳ ಮೇಲೂ ಅನುಮಾನ ಬಿತ್ತು.

ಚೆನ್ನೈಯ ಹವೆ ಹಳೆಯ ತಗಡಿಗೆ ಶತ್ರು. ಸಮುದ್ರದ ತೇವ ವರ್ಷವಿಡೀ ಇರುತ್ತದೆ, ಮೇಲೆ ಈಶಾನ್ಯ ಮಾರುತದ ಮಳೆ. 2015ರ ಡಿಸೆಂಬರಿನಲ್ಲಿ ನಗರ ಮುಳುಗಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಅಂಬತ್ತೂರು ಕೈಗಾರಿಕಾ ವಸಾಹತಿನೊಳಗೇ ನೀರು ನಿಂತು ಯಂತ್ರಗಳು ಕೆಟ್ಟವು. ನೀರಲ್ಲಿ ಮುಳುಗಿದ ಸ್ಕೂಟರಿಗೆ ಮೊದಲು ಕಿಕ್ ಹೊಡೆಯಬಾರದು. ಪ್ಲಗ್ ತೆಗೆದು, ಟ್ಯಾಂಕು, ಕಾರ್ಬ್ಯುರೇಟರ್, ಗಿಯರ್ ಪೆಟ್ಟಿಗೆ ಖಾಲಿ ಮಾಡಿ, ಮ್ಯಾಗ್ನೆಟ್ ಕಳಚಿ ಒಣಗಿಸಿದ ಮೇಲಷ್ಟೇ ಎಂಜಿನ್ ತಿರುಗಿಸಬೇಕು. ಈಗ ಪೆಟ್ರೋಲಿನಲ್ಲಿ ಸೇಕಡಾ 20ರಷ್ಟು ಎಥನಾಲ್ ಸೇರುವುದರಿಂದ ಹೊಸ ತೊಂದರೆಯೂ ಬಂದಿದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕನ್ನು ಬರಿದು ಮಾಡಿಡುವುದೇ ಕ್ಷೇಮ.

2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಗೆ ಸೇರಿದ ಅಂಬತ್ತೂರಿನಲ್ಲಿ ಈಗ ಸಾಫ್ಟ್‌ವೇರ್ ಕಚೇರಿಗಳ ಗಾಜಿನ ಕಟ್ಟಡಗಳೂ ಇವೆ. ಲಖನೌದ ಕಾರ್ಖಾನೆ 1990ರ ದಶಕದ ಕೊನೆಗೆ ಸ್ಕೂಟರ್ ಬಿಟ್ಟು ತ್ರಿಚಕ್ರ ವಾಹನಕ್ಕಷ್ಟೇ ನಿಂತಿತು. ಉಳಿದ ಗಾಡಿಗಳು ಮೆರೆಯುವುದು ಭಾನುವಾರ ಬೆಳಗಿನ ಸವಾರಿಗಳಲ್ಲಿ, ಹಳೆಯ ವಾಹನಗಳ ಪ್ರದರ್ಶನಗಳಲ್ಲಿ. ಖಾಲಿ ರಸ್ತೆಯಲ್ಲಿ ಮೂರನೇ ಗಿಯರಿನಿಂದ ನಾಲ್ಕಕ್ಕೆ ಎಡಗೈ ಹಿಡಿಕೆ ತಿರುವಿದಾಗ ಸಿಗುವ ಸುಖ ಇಂದಿನ ಗಿಯರಿಲ್ಲದ ಸ್ಕೂಟರುಗಳಲ್ಲಿ ಇಲ್ಲ. ಕಾನೂನೂ ಇವನ್ನು ಬೇರೆಯಾಗಿ ಗುರುತಿಸಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ, ಮೂಲರೂಪ ಉಳಿಸಿಕೊಂಡ 50 ವರ್ಷ ಮೀರಿದ ವಾಹನ ‘ವಿಂಟೇಜ್’ ಎನಿಸಿಕೊಂಡು ‘ವಿಎ’ ಅಕ್ಷರಗಳ ನಂಬರ್ ಪಡೆಯಬಹುದು. ಹೊಸ ನೋಂದಣಿಗೆ ₹20,000 ಶುಲ್ಕ, ಅವಧಿ 10 ವರ್ಷ, ನವೀಕರಣಕ್ಕೆ ₹5,000. ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದಕ್ಕೆ ರಸ್ತೆಗೆ ತರಬಹುದೇ ಹೊರತು ನಿತ್ಯದ ಓಡಾಟಕ್ಕಲ್ಲ. ಲ್ಯಾಂಬ್ರೆಟಾದಲ್ಲೇ ಕೆಲಸಕ್ಕೆ ಹೋಗಬೇಕೆನ್ನುವವರು ಸಾಮಾನ್ಯ ಆರ್.ಸಿ.ಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು.