ಅಧ್ಯಕ್ಷವೇತನವೂ ದೇಶಶಕ್ತಿಯೂ

ಯಾವ ಕೆಲಸವನ್ನು ಎಷ್ಟು ಮಂದಿಯಿಂದ, ಎಷ್ಟು ಕಾಲದಲ್ಲಿ, ಯಾವ ಕ್ರಮದಲ್ಲಿ ಮಾಡಿಸಬೇಕೆಂಬುದನ್ನು ಮೊದಲೇ ಗೊತ್ತುಪಡಿಸುವ ಉದ್ಯೋಗವು ಈಚಿನ ಯಂತ್ರಶಾಲೆಗಳೊಡನೆ ಹುಟ್ಟಿದುದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕೌಟಲೀಯ ಅರ್ಥಶಾಸ್ತ್ರವನ್ನು ಓದಿದವರಿಗೆ ಈ ಭಾವನೆಯು ನಿಲ್ಲದು. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಈ ಗ್ರಂಥವನ್ನು ಅಚ್ಚಿಗೆ ತಂದಂದಿನಿಂದ, ಅದರ ಐದನೆಯ ಅಧಿಕರಣದಲ್ಲಿರುವ ಸಂಬಳಗಳ ಪಟ್ಟಿಯು ವಿದ್ವಾಂಸರ ಗಮನವನ್ನು ಸೆಳೆಯುತ್ತ ಬಂದಿದೆ. ಆದರೆ ಪಟ್ಟಿಯ ಅಂಕಿಗಳನ್ನು ಮಾತ್ರ ಎತ್ತಿಕೊಂಡು ಅವುಗಳ ಹಿಂದಿರುವ ನಿಯಮವನ್ನು ಬಿಟ್ಟುಬಿಟ್ಟರೆ, ಭರತಖಂಡಕ್ಕೆಲ್ಲ ಒಂದೇ ವೇತನಕ್ರಮವಿದ್ದಿತೆಂಬ ತಪ್ಪು ತಿಳಿವಳಿಕೆಯು ಸುಲಭವಾಗಿ ಉಂಟಾಗುವುದು.

ಮೊದಲು ಉದ್ಯೋಗದ ಸ್ವರೂಪವನ್ನು ನೋಡಬೇಕು. ಎರಡನೆಯ ಅಧಿಕರಣದ ಸೂತ್ರಾಧ್ಯಕ್ಷನು ನೂಲು, ಬಟ್ಟೆ, ಕವಚ, ಹಗ್ಗ ಇವುಗಳನ್ನು ಮಾಡಿಸುವವನು. ಕೆಲಸದ ಅಳತೆ, ಅದಕ್ಕೆ ತಗಲುವ ಕಾಲ, ಅದಕ್ಕೆ ಸಲ್ಲುವ ಕೂಲಿ, ಬರಬೇಕಾದ ಫಲ ಇಷ್ಟನ್ನೂ ಗೊತ್ತುಮಾಡಿಕೊಂಡ ಮೇಲೆಯೇ ಅವನು ಕುಶಲಕರ್ಮಿಗಳಿಗೆ ಕೆಲಸವನ್ನು ಒಪ್ಪಿಸತಕ್ಕದ್ದು. ನೂಲಿನ ನಯ, ಒರಟು, ಮಧ್ಯಮ ಎಂಬ ತಾರತಮ್ಯದಂತೆ ಕೂಲಿಯು ನಿಶ್ಚಿತವಾಗುತ್ತಿತ್ತು. ಹಬ್ಬದ ತಿಥಿಗಳಲ್ಲಿ ದುಡಿದವರಿಗೆ ಬೇರೆ ಉಡುಗೊರೆ ಕೊಡಬೇಕಾಗಿತ್ತು. ಕೂಲಿ ಕೊಡುವ ಕಾಲವನ್ನು ಮೀರಿದರೆ ಅಧಿಕಾರಿಗೇ ಮಧ್ಯಮಸಾಹಸವೆಂಬ ದಂಡ ವಿಹಿತವಾಗಿದೆ. ಹೀಗೆ ಕಾಲನಿಯಮವು ದುಡಿಯುವವನನ್ನೂ ದುಡಿಸುವವನನ್ನೂ ಸಮಾನವಾಗಿ ಕಟ್ಟಿಹಾಕಿದ್ದಿತು.

ಇಂಥ ಅಧಿಕಾರಿಗಳ ಸಂಬಳವಾದರೋ ಹೀಗಿದೆ. ಕಾರ್ಖಾನೆಗಳ ಮೇಲಧಿಕಾರಿಯಾದ ಕಾರ್ಮಾಂತಿಕನಿಗೆ 12,000 ಪಣ, ಸಾಮಾನ್ಯವಾಗಿ ಅಧ್ಯಕ್ಷರಿಗೆ 1,000, ಲೆಕ್ಕಿಗರಿಗೂ ಲೇಖಕರಿಗೂ 500, ಕಾರುಶಿಲ್ಪಿಗಳಿಗೆ 120. ಇದು ತಿಂಗಳ ಸಂಬಳವೋ ವರ್ಷದ ಸಂಬಳವೋ ಎಂಬ ಸಂದೇಹವುಂಟು. ಆದರೆ 354 ದಿನಗಳ ಕರ್ಮಸಂವತ್ಸರವನ್ನು ಆಷಾಢದ ಹುಣ್ಣಿಮೆಗೆ ಮುಗಿಸಿ, ಮಾಡಿದ ಕೆಲಸಕ್ಕನುಸಾರವಾಗಿ ಪೂರ್ಣವಾಗಿಯೋ ಕಡಿಮೆಯಾಗಿಯೋ ಸಲ್ಲಿಸಬೇಕೆಂದು ಗ್ರಂಥವೇ ಬೇರೆ ಕಡೆಯಲ್ಲಿ ಹೇಳುವುದರಿಂದ, ವಾರ್ಷಿಕವೆಂಬ ಪಕ್ಷವೇ ಬಲವಾದುದು. ಹಾಗಾದರೆ ಕಾರ್ಮಾಂತಿಕನಿಗೂ ಶಿಲ್ಪಿಗೂ ನೂರು ಮಡಿ ಅಂತರವಾಯಿತು. ಸೀತಾಧ್ಯಕ್ಷನ ಕೈಕೆಳಗೆ ರಾಜನ ಹೊಲದಲ್ಲಿ ದುಡಿಯುವವನಿಗೆ ತಿಂಗಳಿಗೆ ಒಂದೂಕಾಲು ಪಣವೂ ಊಟವೂ ದೊರೆಯುತ್ತಿದ್ದುವು.

ಈ ಅಂಕಿಗಳಿಗೆ ಮುಂಚೆ ಆ ಪ್ರಕರಣದ ಆರಂಭದಲ್ಲಿಯೇ ಒಂದು ನಿಯಮವಿದೆ. ದುರ್ಗದ ಮತ್ತು ಜನಪದದ ಶಕ್ತಿಯನ್ನು ನೋಡಿ, ಆದಾಯದ ನಾಲ್ಕನೆಯ ಒಂದು ಪಾಲು ಮೀರದಂತೆ ಭೃತ್ಯರ ವೆಚ್ಚವನ್ನು ಏರ್ಪಡಿಸಬೇಕೆಂಬುದೇ ಅದು. ಪಟ್ಟಿಯ ನಂತರವೂ ವಿಕಲ್ಪಗಳುಂಟು. ಬೊಕ್ಕಸವು ಬಡವಾಗಿದ್ದರೆ ಕಾಡಿನ ಉತ್ಪನ್ನ, ಪಶು, ಹೊಲ ಇವುಗಳನ್ನು ಕೊಟ್ಟು, ಹಣವನ್ನು ಸ್ವಲ್ಪವಾಗಿ ಕೊಡತಕ್ಕದ್ದು. ಪಾಳುಬಿದ್ದ ನೆಲದಲ್ಲಿ ಹೊಸದಾಗಿ ಜನರನ್ನು ನೆಲೆಗೊಳಿಸುವಾಗಲಾದರೆ ಹಣವನ್ನೇ ಕೊಡಬೇಕಲ್ಲದೆ ಗ್ರಾಮವನ್ನು ಕೊಡಲಾಗದು. ಹಣಕ್ಕೆ ಬದಲಾಗಿ ಧಾನ್ಯವನ್ನು ಕೊಡುವಲ್ಲಿ 60 ಪಣದ ಸಂಬಳಕ್ಕೆ ಒಂದು ಆಢಕವೆಂಬ ಪರಿಮಾಣವೂ ಹೇಳಲ್ಪಟ್ಟಿದೆ. ಆದುದರಿಂದ 1,000 ಪಣವೆಂಬುದು ಒಂದು ಮಾನದಂಡವೇ ಹೊರತು ಎಲ್ಲ ನಾಡಿನ ಅಧ್ಯಕ್ಷನ ಕೈಗೂ ಸೇರುತ್ತಿದ್ದ ನಾಣ್ಯರಾಶಿಯಲ್ಲ. ಅದಲ್ಲದೆ ಅರ್ಥಶಾಸ್ತ್ರವು ಹೀಗಿರಬೇಕೆಂದು ವಿಧಿಸುವ ಗ್ರಂಥವೇ ಹೊರತು ಹೀಗಿದ್ದಿತೆಂದು ವರದಿಮಾಡುವ ಗ್ರಂಥವಲ್ಲ. ಅದರ ಕಾಲದ ವಿಷಯದಲ್ಲಿಯೂ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ.

ದೇಶಶಕ್ತಿಯು ಎಷ್ಟು ಬಗೆಯಾಗಿರಬಲ್ಲುದೆಂಬುದಕ್ಕೆ ಸೀತಾಧ್ಯಕ್ಷನ ಪ್ರಕರಣವೇ ಸಾಕ್ಷಿ. ಬಿತ್ತನೆಯ ಕಾಲವನ್ನು ನಿರ್ಣಯಿಸಬೇಕಾದ ಆ ಅಧಿಕಾರಿಗೆ ಗ್ರಂಥವು ಮಳೆಯ ಅಳತೆಯನ್ನು ನಾಡುನಾಡಿಗೆ ಬೇರೆಯಾಗಿ ಕೊಡುತ್ತದೆ: ಜಾಂಗಲ ದೇಶಕ್ಕೆ 16 ದ್ರೋಣ, ನೀರುಳ್ಳ ಅನೂಪ ದೇಶಕ್ಕೆ ಅದರ ಒಂದೂವರೆಯಷ್ಟು, ಅವಂತಿಗೆ 23, ದಕ್ಷಿಣಾಪಥದ ಅಶ್ಮಕಕ್ಕೆ ಅದಕ್ಕಿಂತ ಬಹಳ ಕಡಿಮೆ, ಪಡುಗಡಲ ತಡಿಯ ಅಪರಾಂತಕ್ಕೆ ಮಿತಿಯಿಲ್ಲದಷ್ಟು. ಮಳೆ ಬೇರೆಯಾದಲ್ಲಿ ಬೆಳೆ ಬೇರೆ. ಬೆಳೆ ಬೇರೆಯಾದಲ್ಲಿ ಆದಾಯ ಬೇರೆ. ಆದಾಯದ ಪಾದಕ್ಕೆ ಕಟ್ಟುಬಿದ್ದ ಸಂಬಳವು ಒಂದೇ ಆಗಿರುವುದು ಹೇಗೆ?

ಹೊಲವನ್ನು ವೇತನವಾಗಿ ಕೊಡುವ ಪದ್ಧತಿಗೆ ನಿದರ್ಶನವು ಕನ್ನಡನಾಡಿನಲ್ಲಿಯೇ ದೊರೆಯುತ್ತದೆ. ಕೆರೆಯನ್ನು ಕಟ್ಟಿಸಿದವರಿಗೂ ಕಾಪಾಡುವವರಿಗೂ ಬಿಟ್ಟ ಕಟ್ಟುಕೊಡಗಿ, ಬಿತ್ತುವಟ್ಟ ಎಂಬ ಭೂಮಿಗಳು ಶಾಸನಗಳಲ್ಲಿ ಹೇರಳವಾಗಿ ಬರುತ್ತವೆ. ಕೆರೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುವ ನೀರುಗಂಟಿಯು ಊರಿನ ಆಯಗಾರರಲ್ಲಿ ಒಬ್ಬನು. ಯಾವ ಗದ್ದೆಗೆ ಯಾವಾಗ ಎಷ್ಟು ನೀರೆಂಬುದನ್ನು ನಡಸುವವನಾದುದರಿಂದ, ಕಾಲವನ್ನು ಹಂಚುವ ಕಾರ್ಯದಲ್ಲಿ ಇವನೂ ಸೂತ್ರಾಧ್ಯಕ್ಷನ ಸಹೋದ್ಯೋಗಿಯೇ ಸರಿ. ಆದರೆ ಇವನ ಸಂಬಳ ಬೊಕ್ಕಸದಿಂದ ಬರುತ್ತಿರಲಿಲ್ಲ. ಸುಗ್ಗಿಯ ಕಣದಲ್ಲಿ ಆಯವಾಗಿ ಸಲ್ಲುತ್ತಿತ್ತು. ಈ ಪದ್ಧತಿಯು ಕೌಟಲ್ಯನಿಂದ ಬಂದುದೆಂದು ಹೇಳಲು ಆಧಾರವಿಲ್ಲ. ಒಂದೇ ಬಗೆಯ ಅಗತ್ಯಕ್ಕೆ ನಾಡು ತನ್ನ ಶಕ್ತಿಗೆ ಒಪ್ಪುವ ಪರಿಹಾರವನ್ನು ಕಂಡುಕೊಂಡಿತೆನ್ನುವುದೇ ಯುಕ್ತ.

ಇಷ್ಟರಿಂದ ಫಲಿಸುವುದೇನೆಂದರೆ, ಪ್ರಾಚೀನ ವೇತನಗಳನ್ನು ಹೋಲಿಸುವಾಗ ಅಂಕಿಯೊಂದನ್ನೇ ಹೋಲಿಸುವುದು ಸಾಲದು. ಹಣವೋ ಧಾನ್ಯವೋ ನೆಲವೋ ಎಂಬುದನ್ನು ಮೊದಲು ನಿರ್ಣಯಿಸಬೇಕು. ಬರಗಾಲದ ನಷ್ಟವು ಕೊಡುವವನದೋ ಪಡೆಯುವವನದೋ ಎಂಬುದನ್ನು ಆಮೇಲೆ ನೋಡಬೇಕು. ಕೆರೆ ಬತ್ತಿದ ವರ್ಷದಲ್ಲಿ ಪಣದ ಸಂಬಳದವನಿಗೆ ಬೊಕ್ಕಸವು ಆಸರೆಯಾಗುವುದು. ಕಣದ ಪಾಲನ್ನೇ ನಂಬಿದ ನೀರುಗಂಟಿಯು ಒಕ್ಕಲಿನೊಡನೆಯೇ ಹಸಿಯುವನು. ಕಾರ್ಯವು ಒಂದೇ ಆಗಿದ್ದರೂ ಈ ಭೇದವು ಸಂಬಳದ ಪಟ್ಟಿಗಳಲ್ಲಿ ಕಾಣಿಸದು. ಶಾಸನಗಳ ಮತ್ತು ಶಾಸ್ತ್ರಗ್ರಂಥಗಳ ಸಾಕ್ಷ್ಯವನ್ನು ಜೊತೆಯಾಗಿಟ್ಟು ಓದಿದಾಗಲೇ ಅದು ಸ್ಪಷ್ಟವಾಗುವುದು.