ಜೊತೆಗಾರ ಮಾತ್ರೆಯ ಕಥೆ

ಕ್ಷಯರೋಗಕ್ಕೆ ಔಷಧಿ ತೆಗೆದುಕೊಳ್ಳುವವರು ನಿಮ್ಮ ಪರಿಚಯದಲ್ಲಿದ್ದರೆ, ಆ ಮಾತ್ರೆಗಳ ಜೊತೆಗೆ ಒಂದು ಪುಟ್ಟ ವಿಟಮಿನ್ ಮಾತ್ರೆಯನ್ನೂ ನೀವು ಕಂಡಿರಬಹುದು. ಅದು ಪಿರಿಡಾಕ್ಸಿನ್, ಅಂದರೆ ಬಿ6 ಜೀವಸತ್ವ. ಏಕೆ ನುಂಗುತ್ತೀರೆಂದು ಕೇಳಿ ನೋಡಿ. "ಮದ್ದಿನ ಉಷ್ಣ ತಗ್ಗಲಿ, ಲಿವರ್ ಕೆಡದಿರಲಿ ಅಂತ" ಎನ್ನುವವರುಂಟು. ಆ ಮಾತ್ರೆ ಬಂದದ್ದು ಇದಕ್ಕಲ್ಲ.

ಐಸೋನಿಯಾಜಿಡ್ ಎಂಬ ರಾಸಾಯನಿಕವನ್ನು 1912ರಲ್ಲೇ ಪ್ರೇಗ್ ನಗರದಲ್ಲಿ ತಯಾರಿಸಲಾಗಿತ್ತು. ಅದು ಕ್ಷಯದ ರೋಗಾಣುವನ್ನು ಕೊಲ್ಲುತ್ತದೆಂದು ಜಗತ್ತಿಗೆ ತಿಳಿದದ್ದು ಮಾತ್ರ 1952ರಲ್ಲಿ. ಅಗ್ಗದ ಮಾತ್ರೆ, ಅದ್ಭುತ ಗುಣ. ಆದರೆ ಕೆಲವು ರೋಗಿಗಳಿಗೆ ಕೈಕಾಲು ಜೋಮು ಹಿಡಿದು ಅಂಗಾಲು ಉರಿಯತೊಡಗಿತು. ಔಷಧಿಯು ಶರೀರದ ಬಿ6 ಅನ್ನು ಮೂತ್ರದ ಮೂಲಕ ಹೊರಹಾಕುತ್ತಿದೆಯೆಂದು 1954ರಲ್ಲಿ ಅಮೆರಿಕದ ಬೀಲ್ ಮತ್ತು ವಿಲ್ಟರ್ ತೋರಿಸಿದರು. ಕಳೆದುಹೋದದ್ದನ್ನು ತುಂಬಿಕೊಟ್ಟರೆ ನರಗಳು ಉಳಿಯುತ್ತವೆ. 1956ರಲ್ಲಿ ಆರಂಭವಾದ ಮದರಾಸಿನ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು ಇದಕ್ಕೆ ಅಲ್ಪ ಪ್ರಮಾಣವೇ ಸಾಕೆಂದು 60ರ ದಶಕದಲ್ಲಿ ಕಂಡುಕೊಂಡಿತು. ರೋಗಿಯನ್ನು ಸ್ಯಾನಿಟೋರಿಯಮ್ಮಿಗೆ ಕಳಿಸದೆ ಮನೆಯಲ್ಲಿಯೇ ಗುಣಪಡಿಸಬಹುದೆಂದು 1959ರಲ್ಲಿ ಸಾರಿದ್ದೂ ಇದೇ ಕೇಂದ್ರ. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು.

ಇನ್ನು ಯಕೃತ್ತಿನ ಮಾತು. 1970ರಲ್ಲಿ ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್‌ನ ನೌಕರರಲ್ಲಿ ಕ್ಷಯ ಕಾಣಿಸಿಕೊಂಡಾಗ 2,321 ಮಂದಿಗೆ ಮುನ್ನೆಚ್ಚರಿಕೆಯಾಗಿ ಐಸೋನಿಯಾಜಿಡ್ ಕೊಡಲಾಯಿತು. ಇವರು ರೋಗಿಗಳಲ್ಲ, ನೆನಪಿಡಿ. ಆರೋಗ್ಯವಾಗಿ ಕಛೇರಿಗೆ ಬಂದುಹೋಗುತ್ತಿದ್ದವರು. 19 ಮಂದಿಯ ಯಕೃತ್ತು ಊದಿಕೊಂಡಿತು, ಇಬ್ಬರು ತೀರಿಕೊಂಡರು.

ಈ ಹಾನಿಯ ದಾರಿಯೇ ಬೇರೆ. ಯಕೃತ್ತು ಔಷಧಿಯನ್ನು ಕರಗಿಸುವಾಗ ಹುಟ್ಟುವ ವಿಷವಸ್ತುಗಳು ಅದರ ಜೀವಕೋಶಗಳನ್ನೇ ಕೆಡಿಸುತ್ತವೆ. ಅಲ್ಲಿ ಬಿ6ರ ಕೊರತೆಯ ಪ್ರಶ್ನೆಯಿಲ್ಲ, ಆದ್ದರಿಂದ ಬಿ6 ಅಲ್ಲಿ ಕಾವಲು ನಿಲ್ಲಲಾರದು. ಊಟ ಸೇರದಿರುವುದು, ವಾಂತಿ, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು: ಇವು ಕಂಡಾಗ "ವಿಟಮಿನ್ ನುಂಗುತ್ತಿದ್ದೇನಲ್ಲ" ಎಂದು ದಿನ ತಳ್ಳುವುದೇ ಅಪಾಯ. ಅಂದೇ ವೈದ್ಯರಿಗೆ ತೋರಿಸಬೇಕು. ಔಷಧಿ ನಿಲ್ಲಿಸುವುದೂ ಬದಲಿಸುವುದೂ ಅವರ ಕೆಲಸ.

ಲಿವರಿಗೆ ಒಳ್ಳೆಯದೆಂದು ಬಿ6 ಅನ್ನು ತಾವಾಗಿಯೇ ಹೆಚ್ಚಿಸಿಕೊಳ್ಳುವವರೂ ಇದ್ದಾರೆ. 1983ರಲ್ಲಿ ಅಮೆರಿಕದಿಂದ ಏಳು ಮಂದಿಯ ವರದಿಯೊಂದು ಬಂತು. ದಿನಕ್ಕೆ 2ರಿಂದ 6 ಗ್ರಾಂ ಬಿ6 ನುಂಗುತ್ತಿದ್ದ ಅವರು ನಡೆಯುವಾಗ ತತ್ತರಿಸುತ್ತಿದ್ದರು. ಕೈಕಾಲಿಗೆ ಸ್ಪರ್ಶವೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಕೆಟ್ಟದ್ದು ನರಗಳೇ!